ಹಿಂದಿನ ಸಾಲಿನ ಆರು ಪೀಪಾಯಿಗಳು

ಅಕ್ಟೋಬರ್ 3, ಮಂಗಳವಾರ

ಇವತ್ತು ತೊಳೆದ ಲೋಟ ನಲವತ್ತೆಂಟು. ಸೋಪಿಲ್ಲ, ಬರೀ ಬಿಸಿನೀರು. ಸೋಪಿನ ವಾಸನೆ ಉಳಿದರೆ ವೈನ್ ಸತ್ತ ಹಾಗೇ ಎಂದು ಗ್ರಾಸಿಯೆಟ್ ಮೊದಲ ದಿನವೇ ಹೆದರಿಸಿದ್ದಾಳೆ. ಅವಳು ಈ ಗೋದಾಮಿನಲ್ಲಿ ಇಪ್ಪತ್ತೊಂದು ವರ್ಷದಿಂದ. ನಾನು ಮೂರು ವಾರದಿಂದ. ಕ್ಲಾಸಿಲ್ಲದಾಗ ಪೋರ್ಚುಗಲ್ಲಿನ ಪೋರ್ತು ನಗರದ ರೂಮಿನಿಂದ ಸೇತುವೆ ದಾಟಿ ನದಿಯಾಚೆಯ ಗಾಯಾಗೆ ಬರುವುದು, ಟ್ರೇನಿ ಎಂದು. ವೈನ್ ಕೋರ್ಸಿನ ಫಸ್ಟ್ ಇಯರ್‌ನಲ್ಲಿ ನನಗೊಬ್ಬಳಿಗೇ ಸಿಕ್ಕಿದ್ದು. ತಪ್ಪಾಗಿ ಸೇರಿಸಿಕೊಂಡೆವು, ಸಾರಿ ಎಂದು ಇಮೇಲ್ ಬರುತ್ತದೆ ಅಂತ ದಿನಾ ಚೆಕ್ ಮಾಡುತ್ತೇನೆ. ಇನ್ನೂ ಬಂದಿಲ್ಲ. ಥ್ಯಾಂಕ್ ಗಾಡ್.

ಅಲ್ಬಾನು ಮೇಷ್ಟ್ರು ಹಿಂದಿನ ಸಾಲು ತೋರಿಸಿದರು. ಇಲ್ಲಿನ ಹಿರಿಯ ರುಚಿಗಾರರು, ಎಪ್ಪತ್ತೊಂದು ವಯಸ್ಸು. ಆರು ಪೀಪಾಯಿ. ಒಂದೊಂದರಲ್ಲೂ ಒಂದೇ ವರ್ಷದ ಪೋರ್ಟ್ ವೈನ್, ಬೇರೆ ಯಾವುದೂ ಬೆರೆಸಿಲ್ಲ. 52, 61, 64, 71, 74, 80. ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ವರ್ಷ, ಪಕ್ಕದಲ್ಲಿ ಏನೋ ಗೀಟು.

"52 ನನ್ನ ಓರಗೆಯದು. ನನಗಿಂತ ಚೆನ್ನಾಗಿ ಮುದಿಯಾಗಿದೆ," ಎಂದರು.

ಎರಡು ವರ್ಷದ ಹಿಂದೆ ಹಳೆ ಯಜಮಾನರು ಇದನ್ನೆಲ್ಲ ಕಂಪನಿಗೆ ಮಾರಿದರು. ಕಂಪನಿಯನ್ನು ಬೈಯುವುದೋ ಹೊಗಳುವುದೋ ಎಂದು ಗ್ರಾಸಿಯೆಟ್‌ಗೆ ಇನ್ನೂ ತೀರ್ಮಾನವಾಗಿಲ್ಲ. "ಛಾವಣಿ ಸೋರೋದು ನಿಂತಿತು. ನನ್ನ ಕೆಲಸ ಪರ್ಮನೆಂಟ್ ಆಯ್ತು, ಯಜಮಾನ್ರು ಹತ್ತೊಂಬತ್ತು ವರ್ಷ ನಾಳೆ ನಾಳೆ ಅಂದಿದ್ರು. ಆದ್ರೆ ಒಂದು ಪೀಪಾಯಿ ಸುಮ್ನೆ ಕೂತಿದ್ರೆ ಸಾಕು, ಈ ಕಂಪನಿಯವ್ರಿಗೆ ಹೊಟ್ಟೆನೋವು."

ಸ್ಯಾಂಪಲ್ ಬಾಟಲಿಗಳ ಹಳೆ ಕಪಾಟು ಇದ್ದ ಜಾಗದಲ್ಲಿ ಈಗ ಟೂರಿಸ್ಟ್ ಕೌಂಟರ್. ಮ್ಯಾಗ್ನೆಟ್ ಮಾರುತ್ತಾರೆ.

ಅಕ್ಟೋಬರ್ 6, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯಬೇಕು.

ಬೆಳಗ್ಗೆ ಲಿಸ್ಬನ್ ಆಫೀಸಿನಿಂದ ಇಂಜಿನಿಯರ್ ನೊಯೆಮಿಯಾ ಅವರ ಮೇಲ್. ಇಪ್ಪತ್ತನೇ ತಾರೀಕು ಹಳೆ ಸ್ಟಾಕ್ ನೋಡಲು ಬರುತ್ತಾರೆ. ಪ್ರತಿ ಪೀಪಾಯಿಗೂ ನಂಬರ್ ಕೊಟ್ಟು, ಒಳಗಿರುವುದು ಯಾವ ವರ್ಷದ್ದು ಎಂದು ಸಿಸ್ಟಂನಲ್ಲಿ ಹಾಕಬೇಕು. ವರ್ಷ ಖಾತ್ರಿಯಿಲ್ಲದ್ದು ಹಲವು ವರ್ಷದ್ದು ಬೆರೆಸುವ ಮಿಶ್ರಣದ ತೊಟ್ಟಿಗೆ. ಮೇಷ್ಟ್ರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಹಿಂದಿನ ಸಾಲಿನಲ್ಲಿ ಸ್ವಲ್ಪ ಕಸ ಹೊಡಿ ಎಂದಳು ಗ್ರಾಸಿಯೆಟ್.

ಕಸ ಹೊಡೆದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ! ಹನ್ನೊಂದನೇ ವಯಸ್ಸಿನಿಂದ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಾಸ್ಟೆಲ್. ವಾರ್ಡನ್ ಬಿಳಿ ಕೈಗವಸು ಹಾಕಿ ಕಿಟಕಿಯ ಚೌಕಟ್ಟು ಸವರಿ ನೋಡುತ್ತಿದ್ದರು. ಇನ್ಸ್‌ಪೆಕ್ಷನ್ ಎಂಬ ಮಾತು ಕೇಳಿದರೆ ಕೈ ತಾನಾಗಿ ಬಟ್ಟೆ ಹುಡುಕುತ್ತದೆ. ಒದ್ದೆ ಬಟ್ಟೆ ತಂದು ಆರೂ ಪೀಪಾಯಿಗಳ ಮುಖ ತಿಕ್ಕಿದೆ. ಫಳಫಳ. ಖುಷಿಯಾಗಿ ಫೋಟೋ ಬೇರೆ ತೆಗೆದೆ. ತಿಕ್ಕಿದ ಮೇಲೆ.

ಕಾಫಿ ತಂದ ಗ್ರಾಸಿಯೆಟ್ ನಿಂತಲ್ಲೇ ನಿಂತಳು.

"ಮೇರಿ ಮಾತೆಯೇ! ಏನ್ ಮಾಡ್ದೇ ಇಂಗ್ಲಿಷ್ನೋಳೇ?"

"ಕ್ಲೀನ್..."

"ಕ್ಲೀನಾ? ಆರು ಮಕ್ಕಳ ಹೆಸರು ಅಳಿಸಿ ಇಟ್ಟಿದೀಯಲ್ಲೇ!"

ಹೋದ ವಸಂತದಲ್ಲಿ ಛಾವಣಿ ರಿಪೇರಿಗೆಂದು ಪೀಪಾಯಿಗಳನ್ನೆಲ್ಲ ಹೊರಗೆ ಉರುಳಿಸಿ, ವಾಪಸ್ ತಂದಾಗ ಹಿಂದುಮುಂದಾಗಿ ಇಟ್ಟರಂತೆ. ಯಾವುದರಲ್ಲಿ ಯಾವುದು ಎಂಬುದು ಆ ಸೀಮೆಸುಣ್ಣದಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ನನ್ನ ಮುಖ ನೋಡಿ ಅವಳಿಗೇ ಭಯವಾಗಿರಬೇಕು. ಕಾಫಿ ನನ್ನ ಕೈಗೆ ಕೊಟ್ಟಳು. ಸಕ್ಕರೆ ಎರಡು ಚಮಚ ಜಾಸ್ತಿ.

"ಅಳ್ಬೇಡ. ಮೇಷ್ಟ್ರ ಮೂಗಿದೆ. ಮಂಗಳವಾರ ಬರ್ತಾರೆ, ಐದು ನಿಮಿಷದಲ್ಲಿ ಆರೂ ಹೇಳ್ತಾರೆ."

ಅಕ್ಟೋಬರ್ 8, ಭಾನುವಾರ

ಅಮ್ಮ ಫೋನ್ ಮಾಡಿದ್ದಳು. ಎಲ್ಲ ಚೆನ್ನಾಗಿದೆ ಎಂದೆ. ಊಟ ಸೇರಲಿಲ್ಲ. ರಾಜೀನಾಮೆ ಡ್ರಾಫ್ಟ್ ಮಾಡಿದೆ—ಟ್ರೇನಿಗಳು ರಾಜೀನಾಮೆ ಕೊಡುತ್ತಾರಾ?

ಅಕ್ಟೋಬರ್ 10, ಮಂಗಳವಾರ

ಬಾಗಿಲಲ್ಲೇ ಹೇಳಿಬಿಟ್ಟೆ. ಹೇಳುವಾಗ ಪೋರ್ಚುಗೀಸ್ ಮರೆತು ಅರ್ಧ ಇಂಗ್ಲಿಷ್. ಮೇಷ್ಟ್ರು ಬೈಯಲಿಲ್ಲ. ಹಿಂದಿನ ಸಾಲಿಗೆ ಹೋಗಿ ಆರು ಬೋಳು ಮುಖಗಳ ಮುಂದೆ ನಿಂತರು. ಗ್ರಾಸಿಯೆಟ್ ಲೋಟ ತಂದಳು. "ಶುರು ಮಾಡಿ ಮೇಷ್ಟ್ರೇ, ಈ ಹುಡುಗಿ ಉಸಿರು ಬಿಡ್ಲಿ." ಅವರು ಅವಳನ್ನು ಬ್ರೆಡ್ ತರಲು ಕಳಿಸಿದರು. ಬಾಗಿಲು ಹಾಕಿದರು.

"ನನಗೆ ವಾಸನೆ ಬರಲ್ಲ ಮಗಳೇ."

ಅರ್ಥವಾಗಲಿಲ್ಲ.

"ಕಂಪನಿ ಬಂದ ಚಳಿಗಾಲದಲ್ಲಿ ಜ್ವರ ಬಂತಲ್ಲ, ಆಗ ಹೋಯ್ತು. ಸಿಹಿ ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ, ನಾಲಿಗೆ ಮೇಲೆ ಭಾರ ಗೊತ್ತಾಗುತ್ತೆ. ಬಣ್ಣ ನೋಡ್ತೀನಿ. ಹೊಸ ವೈನುಗಳನ್ನ ಲ್ಯಾಬಿನವ್ರು ಅಳೆದು ಕೊಡ್ತಾರೆ, ನಾನು ತಲೆ ಆಡಿಸ್ತೀನಿ. ಗ್ರಾಸಿಯೆಟ್‌ಗೆ ಹೇಳಿಲ್ಲ. ಮನೇಲಿ ಹೆಂಡ್ತಿಗೂ ಹೇಳಿಲ್ಲ. ಸಾರು ಘಮ್ ಅಂತಿದೆ ಅಂತೀನಿ."

"ಮತ್ತೆ... ಯಾಕೆ ಕೆಲಸ ಬಿಡ್ಲಿಲ್ಲ?"

"ನಾನು ಹೋದ್ರೆ ಈ ಸಾಲಿಗೆ ಯಾರಿದಾರೆ? ತೊಟ್ಟಿಗೆ ಸುರೀತಾರೆ."

ನಾನು ಸಾರಿ ಎಂದೆ. ಮತ್ತೆ ಸಾರಿ ಎಂದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನಿನ್ನ ಇಂಟರ್‌ವ್ಯೂ ದಿನ ಮೂರು ಲೋಟ ಇಟ್ಟಿದ್ದೆ. ಉಳಿದ ಹುಡುಗ್ರೆಲ್ಲ ಪುಸ್ತಕದ ಮಾತು ಒಪ್ಪಿಸಿದ್ರು. ನೀನು ಮೂರನೇದಕ್ಕೆ ಏನಂದೆ?"

"ಹೀಟರ್ ಮೇಲೆ ಒಣಗಿಸಿದ ಒದ್ದೆ ಕೋಟು. ಕಿವಿ ಸುಟ್ಟ ಹಾಗೆ ನಾಚಿಕೆಯಾಗಿತ್ತು."

"ಮೂವತ್ತು ವರ್ಷದ ಹಿಂದೆ ನಾನು ಅದಕ್ಕೆ ಒದ್ದೆ ಉಣ್ಣೆ ಅಂತ ಬರೆದಿದ್ದೆ. ನೀನು ಮೂಗು ಕೊಡು, ನಾನು ನೆನಪು ಕೊಡ್ತೀನಿ. ಹತ್ತು ದಿನ ಇದೆ."

ಅಂದರೆ ಆ ಇಮೇಲ್ ಬರುವುದಿಲ್ಲ. ಸೇತುವೆ ಮೇಲೆ ನಿಂತು ಅತ್ತೆ. ಒಳ್ಳೆಯ ಅಳು.

ಅಕ್ಟೋಬರ್ 11, ಬುಧವಾರ

ಕೆಮಿಸ್ಟ್ರಿ ಕ್ಲಾಸ್ ಬಂಕ್. ಜೀವನದಲ್ಲಿ ಮೊದಲ ಸಲ.

ಹನ್ನೊಂದು ಗಂಟೆಗೆ, ಹೊಟ್ಟೆ ಹಸಿಯುವ ಹೊತ್ತಿಗೆ, ಮೂಗು ಚುರುಕು ಎನ್ನುತ್ತಾರೆ ಮೇಷ್ಟ್ರು. ಆರು ಲೋಟ. ಅವರು ಹಳೆ ನೋಟ್‌ಬುಕ್ ತೆರೆದು ಒಂದೊಂದು ವರ್ಷಕ್ಕೆ ಬರೆದದ್ದನ್ನು ಓದುವುದು, ನಾನು ಮೂಸಿ ಹುಡುಕುವುದು. ಅವರ ಟಿಪ್ಪಣಿಯಲ್ಲಿ ಕಾಲೇಜಿನ ಒಂದು ಪದವೂ ಇಲ್ಲ. 52ಕ್ಕೆ: "ಪಿಟೀಲಿನ ಪೆಟ್ಟಿಗೆ, ಈಗ ತಾನೆ ತೆರೆದದ್ದು." ನಾಲ್ಕನೇ ಲೋಟಕ್ಕೆ ಮೂಗಿಟ್ಟೆ. ಹಾಸ್ಟೆಲಿನ ಮ್ಯೂಸಿಕ್ ರೂಮು, ಕಮಾನಿಗೆ ಹಚ್ಚುವ ರಾಳ, ಮಖಮಲ್ಲು... ಮೈ ಜುಮ್ಮೆಂದಿತು. ಲೋಟದ ಅಂಚಿನಲ್ಲಿ, ತುಂಬ ಹಳೆಯ ಪೋರ್ಟಿಗೆ ಮಾತ್ರ ಬರುವ ಹಸಿರು ಛಾಯೆ. ಅದನ್ನು ನೋಡಿ ಮೇಷ್ಟ್ರು ತಲೆಯಾಡಿಸಿದರು. ಸಿಕ್ಕಿತು!

80 ಕೂಡ ಸಿಕ್ಕಿತು. ಒಣ ಅಂಜೂರ, ಕುದುರೆಯ ಜೀನು.

ರುಚಿ ನೋಡಿ ಉಗುಳುವ ಬಕೆಟ್ ಒಯ್ಯುತ್ತ ಗ್ರಾಸಿಯೆಟ್, "ಇಷ್ಟು ವಯಸ್ಸಾದ ಎಂಜಲು ನಾನೆಲ್ಲೂ ಚೆಲ್ಲಿಲ್ಲ," ಎಂದಳು. ಆಮೇಲೆ, ನನ್ನ ಕಡೆ ತಿರುಗದೆ: "ಮೂಸೋದು ನೀನು, ಓದೋದು ಅವರು. ನಾನೇನು ಕುರುಡಿಯಾ?" ಮೇಷ್ಟ್ರು ತಲೆ ತಗ್ಗಿಸಿದರು. ಅವಳು ಅವರ ಭುಜದ ಧೂಳು ಕೊಡವಿ ಹೋದಳು. ಧೂಳೇನೂ ಇರಲಿಲ್ಲ.

ಅಕ್ಟೋಬರ್ 14, ಶನಿವಾರ

71: ಅವರಮ್ಮ ತಾಮ್ರದ ಪಾತ್ರೆಯಲ್ಲಿ ಕುದಿಸುತ್ತಿದ್ದ ಕ್ವಿನ್ಸ್ ಹಣ್ಣಿನ ಹಲ್ವ. ಸಿಕ್ಕಿತು. ನನ್ನ ಅಜ್ಜಿಯೂ ಮಾಡುತ್ತಿದ್ದರು, ಪುಣ್ಯ.

74ಕ್ಕೆ ಬರೆದದ್ದು ಎರಡೇ ಪದ—"ಕಿತ್ತಳೆ ಸಿಪ್ಪೆ." ಯಾಕಿಷ್ಟು ಚಿಕ್ಕದು ಎಂದೆ. "ಸರ್ವಾಧಿಕಾರ ಬಿದ್ದ ಕ್ರಾಂತಿಯ ವರ್ಷ ಅಲ್ವಾ. ಊರೆಲ್ಲ ಭಾಷಣ. ಈ ವೈನೊಂದೇ ಕಡಿಮೆ ಮಾತಾಡಿದ್ದು." ಸಿಕ್ಕಿತು.

ಉಳಿದದ್ದು 61, 64.

ಅಕ್ಟೋಬರ್ 17, ಮಂಗಳವಾರ

61ಕ್ಕೆ: "ಆಗ ತಾನೆ ಆರಿಸಿದ ಮೇಣದಬತ್ತಿ, ಅಕ್ರೋಟು." 64ಕ್ಕೆ: "ಅಕ್ರೋಟು, ಮೇಣ. 61ಕ್ಕಿಂತ ಸಂಕೋಚದ್ದು."

ಸಂಕೋಚದ್ದು ಎಂದರೆ? "ಬಾಗಿಲಲ್ಲಿ ನಿಂತು ಒಳಗೆ ಬರ್ಲಾ ಅಂತ ಕೇಳೋದು," ಎಂದರು ಮೇಷ್ಟ್ರು. ಅಂದರೆ ನನ್ನ ಹಾಗೆ. ಆದರೂ ಗುರುತು ಸಿಗುತ್ತಿಲ್ಲ. ನಿನ್ನೆ ಬಲಗಡೆಯದು ಸಂಕೋಚ ಎನಿಸಿತು. ಇವತ್ತು ಎಡಗಡೆಯದು. ಏಳು ಸಲ ಮೂಸಿದೆ. ಕೊನೆಗೆ ನನ್ನ ಕೈಯ ವಾಸನೆಯೂ ಮೇಣ.

ಅಕ್ಟೋಬರ್ 19, ಗುರುವಾರ

ಹದಿಮೂರು ಸಲ. ಇಲ್ಲ.

ಮೇಷ್ಟ್ರು ಸೀಮೆಸುಣ್ಣ ನನ್ನ ಕೈಗಿಟ್ಟರು. ನಾಲ್ಕರ ಮೇಲೆ ಬರೆದೆ. ಐದನೆಯದರ ಮುಂದೆ ನಿಂತೆ.

"ಯಾವುದೋ ಒಂದು ಬರೀ," ಎಂದಳು ಗ್ರಾಸಿಯೆಟ್. "ಎರಡೂ ಒಳ್ಳೇದೇ. ಇದಲ್ಲ ಅದು ಅನ್ನೋಕೆ ಭೂಮಿ ಮೇಲೆ ಯಾರಿದಾರೆ? ಬರೀದಿದ್ರೆ ನಾಳೆ ಎರಡೂ ಹೋಯ್ತು. ಯಾಕೆ ಬರ್ದಿಲ್ಲ ಅಂತ ಕೇಳ್ತಾರೆ, ಆಗ ನಿನ್ನ ಒರೆಸಿದ್ದೂ ಹೊರಗೆ ಬಂತು, ಇವರ ಮೂಗೂ ಹೊರಗೆ ಬಂತು."

ನಿಜ. ಎಲ್ಲ ನಿಜ. ಮೇಷ್ಟ್ರ ಕಡೆ ನೋಡಿದೆ. ಇಲ್ಲಿ ಕೆಲಸ ಮಾಡಿದ ನಲವತ್ತೈದು ವರ್ಷದಲ್ಲಿ ಯಾವತ್ತಾದರೂ ಅನುಮಾನ ಇಟ್ಟುಕೊಂಡು ಈ ಮುಖಗಳ ಮೇಲೆ ಏನಾದರೂ ಬರೆದಿದ್ದಾರಾ ಎಂದು ಕೇಳಿದೆ.

"ಇಲ್ಲ."

ಸೀಮೆಸುಣ್ಣ ಕೆಳಗಿಟ್ಟೆ.

ಅಕ್ಟೋಬರ್ 20, ಶುಕ್ರವಾರ

ನೊಯೆಮಿಯಾ ಮೇಡಂ ಗಿಡ್ಡ ಆಸಾಮಿ, ಓಟದ ಶೂ, ಕಂಕುಳಲ್ಲಿ ಲ್ಯಾಪ್‌ಟಾಪ್. ಹಿಂದಿನ ಸಾಲಿಗೆ ಬಂದವರೇ, "ಇವೆರಡು ಯಾಕೆ ಖಾಲಿ?"

"ಆರನ್ನೂ ನಾನು ಒರೆಸಿಬಿಟ್ಟೆ. ನಾಲ್ಕು ಹುಡುಕಿದೆ. ಈ ಎರಡು... ಗೊತ್ತಿಲ್ಲ."

"ಮೇಷ್ಟ್ರೇ, ನೀವೇನಂತೀರಿ?"

ಮೇಷ್ಟ್ರಿಗೂ ಕಷ್ಟವಾಯಿತು, ಶೀತ ಇತ್ತು ಎಂದೇನೋ ನನ್ನ ಬಾಯಿಗೆ ಬಂದಿತ್ತು. ಅವರು ನನಗಿಂತ ಮೊದಲು ಮಾತಾಡಿದರು.

"ನನಗೆ ಎರಡು ವರ್ಷದಿಂದ ಮೂಗಿಲ್ಲ ಮೇಡಂ."

ಹೊರಗೆ ಟೂರಿಸ್ಟರ ನಗು.

"ಗೊತ್ತಿತ್ತು," ಎಂದರು ನೊಯೆಮಿಯಾ. "ಹೋದ ವರ್ಷ ಬಂದಾಗ ಪ್ಯಾಂಟ್ರಿಯಲ್ಲಿ ಹಾಲು ಸೀದು ಗಬ್ಬು ನಾರ್ತಿತ್ತು. ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ."

"ಮತ್ತೆ ಯಾರಿಗೂ..."

"ಯಾಕೆ ಹೇಳ್ಲಿ? ಲಿಸ್ಬನ್‌ನಲ್ಲಿ ಮೂಗಿರೋ ಹತ್ತು ಜನ ಇದಾರೆ. ಈ ಸಾಲನ್ನ ಯಾಕೆ ಮುಟ್ಬಾರ್ದು ಅಂತ ಗೊತ್ತಿರೋರು ಒಬ್ರೂ ಇಲ್ಲ."

ಆಮೇಲೆ ನನ್ನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ತಾವೇ ನಾಲ್ಕು ಲೋಟ ತುಂಬಿದರು. ಮೂರು ಸುತ್ತು, ಪ್ರತಿ ಸಲ ಅದಲು ಬದಲು. ಮೂಸಿ ವರ್ಷ ಹೇಳಿದೆ, ಹನ್ನೆರಡಕ್ಕೆ ಹನ್ನೆರಡೂ ಸರಿ. ಗ್ರಾಸಿಯೆಟ್ ಶಿಲುಬೆ ಗುರುತು ಹಾಕಿಕೊಂಡಳು.

ನಾಲ್ಕು ಸಿಸ್ಟಂಗೆ ಹೋದವು, "ಮುಟ್ಟಬಾರದು" ಎಂಬ ಸೂಚನೆಯೊಂದಿಗೆ. ಎಷ್ಟು ವರ್ಷ ಎಂದು ಮೇಷ್ಟ್ರು ಕೇಳಿದರು. "ನಾನು ಈ ಕುರ್ಚಿಯಲ್ಲಿರೋ ತನಕ. ಸುಳ್ಳು ಯಾಕೆ ಹೇಳ್ಲಿ." ಉಳಿದೆರಡು ‘ನಲವತ್ತು ವರ್ಷ’ ಎಂಬ ಲೇಬಲ್ಲಿನ ಮಿಶ್ರಣಕ್ಕೆ. ನಾನು ಬೇಡಿಕೊಂಡೆ. "ಗೊತ್ತಿಲ್ಲದ ವರ್ಷವನ್ನ ಲೇಬಲ್ ಮೇಲೆ ಹೇಗಮ್ಮ ಹಾಕ್ಲಿ?" ಮೇಷ್ಟ್ರು ನನ್ನ ಮೊಣಕೈ ಮುಟ್ಟಿದರು. "ಅವರು ಹೇಳೋದು ಸರಿ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

ನನ್ನ ಬಟ್ಟೆಯ ತುಂಡೊಂದರಿಂದ ಎರಡು ವರ್ಷ ಅಳಿಸಿಹೋದವು. ಆ ತಪ್ಪು ಮಾತ್ರ ಅಳಿಸುವಂಥದ್ದಲ್ಲ. ಆದರೂ ಇವತ್ತು ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ, ಮೇಷ್ಟ್ರನ್ನೂ ಕಳಿಸಲಿಲ್ಲ. ಯಾರಿಗೆ ಥ್ಯಾಂಕ್ಸ್ ಹೇಳುವುದು, ಎಲ್ಲರಿಗೂ ಹೇಳಿದೆ. ಸೇತುವೆಯ ಟ್ರ್ಯಾಮ್ ಡ್ರೈವರಿಗೂ ಹೇಳಿದೆ. ಅವನು ಹಾರ್ನ್ ಹೊಡೆದ.

ನವೆಂಬರ್ 11, ಶನಿವಾರ, ಹನ್ನೊಂದೂವರೆ

ಸಂತ ಮಾರ್ಟಿನ್ ಹಬ್ಬ. ಬೀದಿಯುದ್ದಕ್ಕೂ ಚೆಸ್ಟ್‌ನಟ್ ಸುಡುವ ಹೊಗೆ. ಬೆಳಗ್ಗೆ ಪಂಪ್ ಹಚ್ಚಿದರು. ಅರ್ಧ ಗಂಟೆಯಲ್ಲಿ ಎರಡೂ ಪೀಪಾಯಿ ಖಾಲಿ. ನೋಡಲಾರೆ ಎಂದುಕೊಂಡಿದ್ದೆ, ನೋಡಿದೆ. ಪಂಪಿಗೆ ಮುಂಚೆ ಎರಡರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಒಂದೇ ಲೋಟಕ್ಕೆ ಹಾಕಿಟ್ಟಿದ್ದೇನೆ. ಕೇಳಿಯೇ ತೆಗೆದದ್ದು.

ಮೇಷ್ಟ್ರು ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಉಗುಳಲಿಲ್ಲ, ನುಂಗಿದರು.

"ಹೇಳು," ಎಂದರು.

ಹೇಳಿದೆ. ಮೇಣದಬತ್ತಿ. ಅಕ್ರೋಟಿನ ಒಳಸಿಪ್ಪೆ. "ಅದು ನನಗೂ ಗೊತ್ತು, ನಾನೇ ಬರೆದದ್ದು. ಇನ್ನೂ?" ಬಿಸಿಲಿಗೆ ಒಣಗಿದ ಚಕ್ಕಡಿ ಹಗ್ಗ ಎಂದೆ. ಅವರು ಕಣ್ಣು ತೆರೆಯಲಿಲ್ಲ. ಮುಖ ಮಾತ್ರ ಲೋಟದ ಕಡೆ ತಿರುಗಿತು. "ಹಗ್ಗ! ಹೌದಾ? ಅದು ನನಗೆ ಯಾವತ್ತೂ ಸಿಕ್ಕಿರಲಿಲ್ಲ." ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ಗ್ರಾಸಿಯೆಟ್ ಬಗ್ಗಿ ನೋಡಿದಳು. "ಲೇ, ನಿಧಾನಕ್ಕೆ ಹೇಳೇ, ಅವರು ಒಂದೊಂದೇ ನುಂಗ್ಲಿ."

ನೋಟ್‌ಬುಕ್ ತರುತ್ತೇನೆಂದು ಈಚೆ ಬಂದು ಇದನ್ನು ಗೀಚುತ್ತಿದ್ದೇನೆ. ಮರೆತುಹೋಗುವ ಭಯ. ಒಳಗಿಂದ ಕೂಗುತ್ತಿದ್ದಾರೆ—ಲೋಟದಲ್ಲಿ ಇನ್ನೂ ಇದೆ, ಇನ್ನೇನಿದೆ ನೋಡು ಬಾ ಎಂದು. ಇದೆ, ಹಗ್ಗದ ಹಿಂದೆ ಇನ್ನೊಂದು ಇದೆ. ಹೆಸರು ನಾಲಿಗೆ ತುದಿಯಲ್ಲಿ... ಬೆಚ್ಚಗಿನದು, ಯಾವುದೋ... ಮತ್ತೆ ಕೂಗಿದರು, ಹೋಗಿ ಮೂಸಿ ಬಂದು ಬರೆಯುತ್ತೇನೆ.