ಯಜಮಾನಿಯ ಒಪ್ಪಿಗೆ

ಸಹಕಾರನಗರ, ಬೆಂಗಳೂರು
17 ಜೂನ್ 2016, ಶುಕ್ರವಾರ

ಪ್ರೀತಿಯ ಅತ್ತೆಗೆ ವನಿತಾಳ ನಮಸ್ಕಾರ.

ನೀವು ದೊಡ್ಡಬಳ್ಳಾಪುರಕ್ಕೆ, ಮಗಳು ಶಿಲ್ಪಳ ಮನೆಗೆ, ಯಾಕೆ ಹೋದಿರೆಂದು ನನಗೆ ಗೊತ್ತು ಎನ್ನುವುದನ್ನು ಬರೆಯದೇ ಬಿಡೋಣ ಅಂದುಕೊಂಡಿದ್ದೆ. ಅದನ್ನು ಬಿಟ್ಟರೆ ಈ ಪತ್ರದಲ್ಲಿ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಆದರೂ ಮೊದಲು ನಿಮ್ಮ ಆರೋಗ್ಯ. ಮಂಡಿ ನೋವು ಹೇಗಿದೆ? ಶಿಲ್ಪಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಹುಷಾರು. ನಿಮ್ಮ ಹರಳೆಣ್ಣೆ ಬಾಟಲಿ ಇಲ್ಲೇ ಉಳಿದಿದೆ. ಕನ್ನಡಕ ಹಾಕಿಕೊಂಡು ನೀವೇ ಓದಿಕೊಳ್ಳಲೆಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನನ್ನದು ಇಂಗ್ಲಿಷ್ ಶಾಲೆಯ ಕೈ, ಕನ್ನಡ ಬರೆಯುವುದು ನಿಧಾನ. ಇಲ್ಲಿ ನಿಮ್ಮ ಬಸಳೆ ಬಳ್ಳಿ ಕಾಂಪೌಂಡ್ ದಾಟಿ ಪಕ್ಕದವರ ಕಡೆಗೆ ಇಳಿದಿದೆ. ಇವರು ಬಾಗಲೂರಿನ ಕಟ್ಟಡದ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು, ಆದರೆ ಹಗಲೆಲ್ಲ ಮನೆಯಲ್ಲಿ ಇದ್ದಂತೆಯೇ. ನಿಮಗೆ ಗೊತ್ತಲ್ಲ.

ಹಿಂದಿನ ರಸ್ತೆಯಲ್ಲಿ ಸರ ಕಿತ್ತುಕೊಂಡು ಹೋದಾಗ ಇವರು ಕ್ಯಾಮೆರಾ ಹಾಕಿಸಿದರು. ಗೇಟಿಗೆ ಒಂದು, ಪೋರ್ಟಿಕೋಗೆ ಒಂದು. ಅಲ್ಲಿಗೆ ನಾನೂ ಒಪ್ಪಿದ್ದೆ. ಒಳಗೆ ಹಾಲಿಗೂ ಒಂದು ಹಾಕಿಸಿದಾಗ ಯಾಕೆ ಅಂತ ಕೇಳಬೇಕಾಗಿತ್ತು, ಕೇಳಲಿಲ್ಲ. ಆ ದಿನ ನೀವು ದಿವಾನದ ಮೇಲೆ ಕೂತು, ಸೀರೆ ಮೇಲೆತ್ತಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ, ಅದನ್ನು ಮೊಬೈಲಿನಲ್ಲಿ ನೋಡುತ್ತಿದ್ದ ಇವರ ಫೋನ್ ಬಂತು. ನಿಮ್ಮ ಕೈ ಎಣ್ಣೆಯಾಗಿತ್ತೆಂದು ನಾನೇ ಸ್ಪೀಕರ್ ಹಾಕಿ ಹಿಡಿದಿದ್ದೆ. "ಅಮ್ಮ, ರೂಮಿಗೆ ಹೋಗಿ ಹಚ್ಕೊಳಮ್ಮ. ಇಲ್ಲಿ ಮೇಸ್ತ್ರಿಗಳೆಲ್ಲ ಪಕ್ಕದಲ್ಲೇ ನಿಂತಿದಾರೆ" ಅಂದರು. ನೀವು ಸೀರೆ ಇಳಿಸಿದಿರಿ. ಆಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಕಳ್ರನ್ನ ನೋಡಾಕ್ ಆಕ್ಸವ್ನೋ, ನಮ್ಮನ್ನ ನೋಡಾಕ್ ಆಕ್ಸವ್ನೋ, ಕೇಳವ್ವ ಅವನ್ನ." ನಾನು ಕೇಳಲಿಲ್ಲ. ಆ ವಾರವೇ ಮೊಮ್ಮಕ್ಕಳ ನೆನಪಾಗುತ್ತಿದೆ ಅಂತ ನೀವು ಬ್ಯಾಗು ತುಂಬಿಕೊಂಡಿರಿ.

ಇವರು ಕೆಟ್ಟವರಲ್ಲ. ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಪೋರ್ಟಿಕೋದಲ್ಲಿ ಜಾರಿ ಬಿದ್ದಾಗ ಅಲ್ಲಿಂದಲೇ ನೋಡಿ, ಮೇಲಿನ ಮನೆಯ ಗಂಗರತ್ನಮ್ಮನಿಗೆ ಫೋನ್ ಮಾಡಿ ಕೆಳಗೆ ಕಳಿಸಿದ್ದು ಇವರೇ. ನಾನು ಏನಾದರೂ ಅಂದರೆ ಆ ಮಾತು ಎತ್ತುತ್ತಾರೆ. "ಏನ್ ಮೇಡಂ, ಹಸಿರು ಸೀರೆ, ಯಾವ ಕಡೆ ಸವಾರಿ?" ಅಂತ ತಮಾಷೆಯಾಗಿಯೇ ಕೇಳುತ್ತಾರೆ. ಆದರೆ ಅತ್ತೆ, ಈಗೀಗ ನಾನು ಮಾರ್ಕೆಟ್ಟಿನಿಂದ ಬರುವಾಗ ತರಕಾರಿ ಚೀಲವನ್ನು ಕ್ಯಾಮೆರಾಕ್ಕೆ ಕಾಣುವಂತೆ ಎತ್ತಿ ಹಿಡಿದು ಒಳಗೆ ಬರುತ್ತೇನೆ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಇವರನ್ನು ದೂರುವುದೋ ನನ್ನನ್ನು ದೂರುವುದೋ ತಿಳಿಯುತ್ತಿಲ್ಲ.

ಯಶವಂತಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ಏನು ಕಲಿಸುತ್ತಾರೆ ಅಂತ ನೀವು ಕೇಳಿದಾಗ ನಾನು ಸರಿಯಾಗಿ ಹೇಳಲಿಲ್ಲ. ಕನ್ನ ಹಾಕುವುದನ್ನು ಕಲಿಯುತ್ತಿದ್ದೇನೆ, ಮನೆಯವರೇ ಕರೆದು ಹಾಕಿಸಿಕೊಳ್ಳುವ ಕನ್ನ. ಪ್ರತಿ ಕಂಪ್ಯೂಟರಿಗೂ ನಮ್ಮ ಮನೆ ನಂಬರಿನ ಹಾಗೆ ಒಂದು ವಿಳಾಸ, ಆ ವಿಳಾಸಕ್ಕೆ ನೂರಾರು ಬಾಗಿಲು. ಯಾವ ಬಾಗಿಲು ತೆರೆದಿದೆ, ಯಾವ ಬೀಗ ಬರೀ ಹೆಸರಿಗೆ ಇದೆ ಅಂತ ಹುಡುಕಿ, ಕಳ್ಳರಿಗಿಂತ ಮೊದಲು ಯಜಮಾನರಿಗೆ ತಿಳಿಸಬೇಕು. ಅದಕ್ಕೆ ಒಳ್ಳೆಯ ಕೆಲಸಗಳಿವೆ. ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡುವುದು ಮೊದಲು ಬೀಜಗಣಿತದಷ್ಟೇ ಭಯ ಹುಟ್ಟಿಸಿತು. ಈಗ ಕೈ ಪಳಗಿದೆ. ಕ್ಲಾಸಿನ ಹುಡುಗರು ನನ್ನನ್ನು ಆಂಟಿ ಅನ್ನುತ್ತಾರೆ, ತಪ್ಪು ಸಿಗದಿದ್ದಾಗ ನನ್ನ ಬೆಂಚಿಗೇ ಬರುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವುದು ಸ್ಟೋರ್ ರೂಮಿನಲ್ಲಿ, ರಾಗಿ ಮೂಟೆಯ ಮೇಲೆ ಕೂತು. ಹಾಲಿನಲ್ಲಿ ಕೂತರೆ ಇವರಿಗೆ ಲ್ಯಾಪ್‌ಟಾಪ್ ಪರದೆಯೂ ಕಾಣುತ್ತದೆ.

ಟಿವಿ ಪಕ್ಕದಲ್ಲಿ, ನೀವು ಕ್ರೋಶಾ ಬಟ್ಟೆ ಹೊದಿಸಿದ್ದೀರಲ್ಲ, ಮೂರೂ ಕ್ಯಾಮೆರಾಗಳ ಚಿತ್ರ ಕೂಡಿಡುವ ಆ ಡಬ್ಬದ ತಳದಲ್ಲೇ ಅದರ ಪಾಸ್‌ವರ್ಡ್ ಅಂಟಿಸಿದೆ. ಕಂಪನಿಯಿಂದ ಬಂದ ಪ್ರತಿ ಡಬ್ಬಕ್ಕೂ ಅದೇ. ಹಾಕಿದ ಹುಡುಗ ಬದಲಾಯಿಸಲಿಲ್ಲ, ಇವರು ಇವತ್ತಿಗೂ ಅದನ್ನೇ ಒತ್ತುತ್ತಾರೆ. ಅದರ ಇಂಟರ್ನೆಟ್ ಕಡೆಯ ಬಾಗಿಲೂ ತೆರೆದಿದ್ದರೆ ನಿಮ್ಮನ್ನು ನೋಡಿದ್ದು ಮೇಸ್ತ್ರಿಗಳು ಮಾತ್ರ ಅಲ್ಲ. ಊರಿನ ಯಾರು ಬೇಕಾದರೂ ನಮ್ಮ ಹಾಲಿನಲ್ಲಿ ಕೂತಿರಬಹುದು. ಒಂದು ಮಧ್ಯಾಹ್ನ ನೋಡಿಯೇ ಬಿಡೋಣ ಅಂತ ಲ್ಯಾಪ್‌ಟಾಪ್ ತೆರೆದು, ಮುಚ್ಚಿದೆ. ನಮ್ಮ ಮೇಷ್ಟ್ರು ಗಯಾಸ್ ಮೊದಲ ದಿನವೇ ಹೇಳಿದ್ದರು: "ಬೀಗ ತೆಗೆಯೋದು ಆಮೇಲೆ ಕಲಿಸ್ತೀನಿ. ಮನೆ ಯಾರ್ದು ಅಂತ ಮೊದ್ಲು ಕೇಳಿ. ಬರೆದು ಕೊಟ್ರೆ ಮುಟ್ಟಿ, ಇಲ್ಲಾಂದ್ರೆ ನೀವೂ ಕಳ್ರೇ." ಕೇಳದೆ ನೋಡಿದರೆ ನಾನೂ ಇವರು ಮಾಡಿದ್ದನ್ನೇ ಮಾಡಿದಂತೆ ಅನ್ನಿಸಿತು. ಇವರನ್ನೇ ಕೇಳಿದೆ, ನಮ್ಮ ಕ್ಯಾಮೆರಾ ಭದ್ರವಾಗಿದೆಯಾ ಪರೀಕ್ಷೆ ಮಾಡಲಾ ಅಂತ. ನಕ್ಕರು. "ಅದಕ್ಕೆ ಹುಡುಗ ಇದಾನೆ ಕಣೇ. ನೀನು ಕಾಫಿ ಕೊಡು." ಕಾಫಿ ಕೊಟ್ಟೆ.

ಶಿಲ್ಪಳಿಗೆ ನನ್ನ ನೆನಪು ಹೇಳಿ. ಮಕ್ಕಳಿಗೆ ಮುತ್ತು. ಎಣ್ಣೆ ಬಾಟಲಿಯನ್ನು ಯಾರ ಕೈಯಲ್ಲಾದರೂ ಕಳಿಸುತ್ತೇನೆ. ನಿಮ್ಮ ಆಶೀರ್ವಾದ ಬೇಡುವ

ನಿಮ್ಮ ಸೊಸೆ,
ವನಿತಾ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ: ಮಾವನವರು ಈ ಮನೆಯನ್ನು ನಿಮ್ಮ ಹೆಸರಿಗೆ ಬರೆದಿಟ್ಟು ಹೋದರು. ಆ ಡಬ್ಬದ ಬಿಲ್ಲೂ ನಿಮ್ಮ ಹೆಸರಿನಲ್ಲೇ ಇದೆ. ಗಯಾಸ್ ಅವರನ್ನು ಕೇಳಿದೆ, ಹಾಗಾದರೆ ಒಪ್ಪಿಗೆ ಕೊಡಬೇಕಾದವರು ನೀವೇ ಅಂದರು. ಜೊತೆಗಿಟ್ಟ ಹಾಳೆಯಲ್ಲಿ "ಅಕ್ಕಯ್ಯಮ್ಮ" ಅಂತ ಸಹಿ ಹಾಕಿದರೆ ಪರೀಕ್ಷೆ ಮಾಡಿ, ಕಂಡದ್ದನ್ನೆಲ್ಲ ಬರೆದು ಇವರ ಕೈಗೇ ಕೊಡುತ್ತೇನೆ. ಹಾಲಿನ ಕ್ಯಾಮೆರಾ ಇರಬೇಕೋ ಬೇಡವೋ ಅನ್ನುವುದನ್ನೂ ಅದೇ ಹಾಳೆಯಲ್ಲಿ ನೀವೇ ಬರೆಯಿರಿ. ತಾಯಿಯಿಂದ ಮಗನ ವಿರುದ್ಧ ಸಹಿ ಕೇಳುತ್ತಿದ್ದೇನೆ ಅನ್ನುವುದು ಗೊತ್ತು. ಹಾಕದಿದ್ದರೆ ಡಬ್ಬ ಮುಟ್ಟುವುದಿಲ್ಲ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಫೋನಿನಲ್ಲಿ ಈ ವಿಷಯ ಬೇಡ, ಹಾಲಿನ ಕ್ಯಾಮೆರಾಕ್ಕೆ ಮಾತೂ ಕೇಳಿಸುತ್ತದೆ. ಇದನ್ನು ಅಂಚೆಗೆ ಹಾಕುವ ಮೊದಲು ಇನ್ನೂ ಶನಿವಾರ, ಭಾನುವಾರ ಇವೆ. ಅಷ್ಟರಲ್ಲಿ ನೀವು ಕೇಳು ಅಂದದ್ದನ್ನು ಇವರ ಎದುರು ನಿಂತು ನಾನೇ ಕೇಳಿದರೆ, ಇದನ್ನು ಹರಿದು ಹಾಕುತ್ತೇನೆ. ನಿಮ್ಮ ಕೈಗೆ ಬಂದಿದೆ ಅಂದರೆ ಕೇಳಲಿಲ್ಲ ಅಂತ ತಿಳಿಯಿರಿ. ಕ್ಲಾಸಿಗೆ ಹೋಗುವಾಗ ಅಂಚೆಗೆ ಹಾಕುವುದು ಸೋಮವಾರ, ಜೂನ್ 20.