ಅದಲುಬದಲಾದ ತಂತಿಗಳು

ಗೋಣಿಬೀಡು
೬ ಜುಲೈ ೨೦೨೫

ಪ್ರೀತಿಯ ರಂಜಿ,

ಹೇಗಿದ್ದೀಯ? ಹುಬ್ಬಳ್ಳಿ ನೀರು ಒಗ್ಗಿತಾ? ದಿನವಿಡೀ ನಿಂತು ಪಾಠ ಮಾಡಿ ಆ ಹಳೇ ಸೊಂಟನೋವು ಮತ್ತೆ ಶುರುವಾಗಿಲ್ಲ ತಾನೆ? ಅಪ್ಪನ ಮಂಡಿ ಊತ ಇಳಿದಿದೆ. ನಾನು ಹದಿನೈದು ದಿನದಿಂದ ಇಲ್ಲೇ ಇದ್ದೀನಿ. ಮಧ್ಯಾಹ್ನ ಅವರು ಮಲಗಿದಾಗ ಅಂಗಡಿಯಲ್ಲಿ ಕೂತು ಸ್ಪ್ರಿಂಕ್ಲರ್ ಪೈಪು, ಬೇಲಿ ತಂತಿ ಮಾರ್ತೀನಿ, ಅಳತೆ ಜಾಸ್ತಿ ಕೊಟ್ಟೆ ಅಂತ ಬೈಸ್ಕೊಳ್ತೀನಿ. ಫೋನ್ ಮಾಡಿದರೆ ನೀನು ತೆಗೆಯಲ್ಲ, ಅದಕ್ಕೇ ಈ ಕಾಗದ.

ನಿನ್ನೆ ಅಪ್ಪ ಕೇಳಿದರು, ಒಂದು ತುಂಡು ತಂತಿಗೆ ಅಕ್ಕ-ತಂಗಿ ಯಾಕೆ ಮಾತು ಬಿಟ್ರಿ ಅಂತ. ಮೂರು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಎಲ್ಲಾ ಹೇಳಿದೆ. ನಯೋಬಿಯಂ-ತವರದ ತಂತಿಯನ್ನು ದ್ರವ ಹೀಲಿಯಂನಲ್ಲಿ ತಣಿಸಿದರೆ ಕರೆಂಟು ತಡೆಯೇ ಇಲ್ಲದೆ ಹರಿಯುತ್ತೆ. ದೊಡ್ಡ ಮ್ಯಾಗ್ನೆಟ್ಟುಗಳಲ್ಲಿ ಅದೇ ತಂತಿ ಜಗ್ಗಾಟಕ್ಕೆ ಸಿಕ್ಕಿ ಒಳಗೊಳಗೇ ಬಿರುಕು ಬಿಡುತ್ತೆ, ಆಮೇಲೆ ಮೊದಲಿನ ಹಾಗೆ ಆಗಲ್ಲ. ಚೂರು ಟೈಟಾನಿಯಂ ಅಥವಾ ಟ್ಯಾಂಟಲಮ್ ಬೆರೆಸಿರ್ತಾರೆ, ಯಾವುದು ಬೆರೆತ ತಂತಿ ಹೆಚ್ಚು ಜಗ್ಗಿಸಿಕೊಳ್ಳುತ್ತೆ ಅಂತ ಅಳೆಯೋದೇ ಲ್ಯಾಬಿನಲ್ಲಿ ನಮ್ಮಿಬ್ಬರ ಕೆಲಸ. ನಾನು ಟ್ಯಾಂಟಲಮ್ಮಿನದು ಅಂತ ವಿಜ್ಞಾನ ಪತ್ರಿಕೆಗೆ ಪೇಪರ್ ಬರೆದೆ. ನೀನು ಮೂಲ ಸುರುಳಿಯಿಂದ ಹೊಸ ತುಂಡು ಕತ್ತರಿಸಿ ಅಳೆದಾಗ ಟೈಟಾನಿಯಂನದು ಅಂತ ಬಂತು. ಗೈಡ್ ಮುಂದೆ, ಎಲ್ಲರೆದುರು, ನಾನು "ಇವಳದ್ದು ಅವಸರದ ಕೈ, ಯಂತ್ರದಲ್ಲಿ ಕೂರಿಸುವಾಗಲೇ ತಂತಿ ಬಾಗಿಸಿರ್ತಾಳೆ" ಅಂದೆ. ಆ ವಾರವೇ ನೀನು ಲ್ಯಾಬ್ ಬಿಟ್ಟೆ. ನನ್ನ ಹಳೇ ತುಂಡುಗಳನ್ನು ಆಮೇಲೆ ಯಾವುದರಲ್ಲಿ ಏನು ಬೆರೆತಿದೆ ಅಂತ ಪರೀಕ್ಷೆಗೆ ಕಳಿಸಿದರೆ, ಎರಡು ಡಬ್ಬಿಗಳ ಚೀಟಿ ಅದಲುಬದಲಾಗಿತ್ತು. ಅಂಟಿಸಿದವಳು ನಾನೇ.

ಮೊಳೆ ತೂಗುತ್ತಿದ್ದ ಅಪ್ಪ ಕೈ ನಿಲ್ಲಿಸಿ, "ಹಾಗಾದ್ರೆ ಚಿಕ್ಕವಳದ್ದೇ ಸರಿ ಇತ್ತು" ಅಂದರು. ಹೌದು ಅಂದೆ. "ನನಗ್ಯಾಕೆ ಹೇಳ್ತೀಯ, ಅವಳಿಗೆ ಹೇಳು."

ಹೇಳ್ತಿದ್ದೀನಿ ರಂಜಿ. ನಿನ್ನದೇ ಸರಿ ಇತ್ತು. ಪೇಪರ್ ವಾಪಸ್ ತಗೊಳ್ತೀನಿ ಅಂತ ಪತ್ರಿಕೆಗೆ ಬರೆದಿದ್ದೀನಿ, ಸರಿಯಾಗಿ ಅಳೆದವಳು ನೀನು ಅಂತ ನಿನ್ನ ಹೆಸರು ಹಾಕಿ. ಗೈಡ್ ನಿನ್ನನ್ನು ಮತ್ತೆ ಕರೀತಾರಂತೆ. ನೀನು ಹೋಗಲ್ಲ ಅಂತ ನನಗೆ ಗೊತ್ತು.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಭುವನಾ

ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೀತೀನಿ. ಪರೀಕ್ಷೆಯ ವರದಿ ಬಂದಿದ್ದು ಈಗಲ್ಲ, ಹೋದ ನವೆಂಬರ್‌ನಲ್ಲಿ. ಅಮ್ಮ ಇನ್ನೂ ಇದ್ದಳು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಎರಡು ಸಲ "ರಂಜೀನ ಕರೆಸೇ" ಅಂದಳು. ನಿನ್ನ ಮುಖ ನೋಡಿ ವರದಿಯ ವಿಷಯ ಹೇಳದೆ ಇರೋಕೆ ನನ್ನಿಂದ ಆಗ್ತಿರಲಿಲ್ಲ. ನಿನಗೆ ತಿಳಿಸಲೇ ಇಲ್ಲ, ರಜೆ ಸಿಗಲಿಲ್ಲವಂತೆ ಅಂತ ಅವಳಿಗೂ ಅಪ್ಪನಿಗೂ ಸುಳ್ಳು ಹೇಳಿದೆ. ನೀನೇ ಬರಲಿಲ್ಲ ಅಂದುಕೊಂಡು ಅಮ್ಮ ಹೋದಳು.