ಅರ್ಧಕ್ಕೆ ನಿಂತ ಕಾದಂಬರಿಯ ಅತ್ತೆ

ಮನೆಯಿಂದ,
ಶುಕ್ರವಾರ, ಮಧ್ಯಾಹ್ನ

ನನ್ನ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮಾ? ಜೈಲಿನ ನೆಲ ಮಂಜಿನ ಹಾಗೆ ಕೊರೆಯುತ್ತದಂತೆ. ವಕೀಲರ ಕೈಲಿ ಕಳಿಸಿದ ಉಣ್ಣೆಯ ಕಾಲುಚೀಲ ಸಿಕ್ಕಿತೇ? ಊಟ ಹೇಗೇ ಇರಲಿ, ಬಿಡಬೇಡ. ಸಿಟ್ಟು ಬಂದರೆ ತಟ್ಟೆ ತಳ್ಳುವ ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಗಂಡ ಅಡುಗೆ ಕಲಿಯುತ್ತಿದ್ದಾನೆ. ಅದನ್ನು ತಿಂದೂ ಕ್ಷೇಮ. ನಿನ್ನ ಮಗಳು ಗುಬ್ಬಿಗೆ ಮುಂದಿನ ಹಲ್ಲು ಬಿದ್ದಿದೆ. ಅಮ್ಮ ಬಂದು ನೋಡುವವರೆಗೆ ಹೊಸ ಹಲ್ಲು ಬರಕೂಡದೆಂದು ಹಟ ಹಿಡಿದಿದ್ದಾಳೆ.

ರೇಷನ್ ಅಂಗಡಿಯ ಮುಂದೆ ಸಾಲು ನಿಂತವರ ಮೇಲೆ ಸೈನಿಕರು ಗುಂಡು ಹಾರಿಸಿದ್ದನ್ನು ಬರೆದು ನೀನು ಒಳಗೆ ಹೋದೆಯಲ್ಲ, ಆ ಬರಹ ಈಗ ಊರಿನ ಗೋಡೆಗೋಡೆಯ ಮೇಲಿದೆ. ಪೊಲೀಸರು ಹರಿದಷ್ಟೂ ಜನ ಮತ್ತೆ ಅಂಟಿಸುತ್ತಾರೆ. ಕಾರ್ಖಾನೆಗಳು ಮುಚ್ಚಿವೆ. ಕೆಲವು ಸೈನಿಕರೂ ಬಂದೂಕು ಕೆಳಗಿಟ್ಟು ಜನರ ಜೊತೆ ಸೇರಿದ್ದಾರಂತೆ. ಈ ಸರ್ಕಾರ ಇನ್ನೆಷ್ಟು ದಿನವೋ!

ನಮಗೆ ಹಗಲಿಡೀ ಕರ್ಫ್ಯೂ. ಬೇಸರ ಕಳೆಯಲೆಂದು, ನೀನು ಅರ್ಧಕ್ಕೆ ಬಿಟ್ಟುಹೋದ ಕಾದಂಬರಿ ತೆಗೆದು ನಮ್ಮ ಕಟ್ಟಡದ ಒಳಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದೆ. ಕೇಳದೆ ಓದಿದೆನೆಂದು ಬೈಯಬೇಡ. ಕೆಳಮನೆಯ ದರ್ಜಿ, ಎದುರುಮನೆಯ ನರ್ಸಮ್ಮ, ಒಬ್ಬೊಬ್ಬರಾಗಿ ಬಾಗಿಲು ತೆರೆದು ಬಂದು ಕೂತರು. ಮೂರನೇ ಅಧ್ಯಾಯದಲ್ಲಿ ಸಕ್ಕರೆ ಡಬ್ಬ ಬಚ್ಚಿಟ್ಟು, ಆಮೇಲೆ ಎಲ್ಲಿಟ್ಟೆನೆಂದು ತಾನೇ ಮನೆಯೆಲ್ಲ ತಡಕಾಡುವ ಅತ್ತೆ ಬಂದಳು ನೋಡು, ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಥೇಟ್ ನೀವೇ ಅಲ್ವೇನಮ್ಮಾ!" ಎಂದ. ನನಗೆ ಮೈಯೆಲ್ಲ ಉರಿಯಿತು. ಮಾರನೇ ದಿನ ಅದನ್ನೇ ಇನ್ನೊಮ್ಮೆ ಓದಿ ಎಂದು ಪೀಡಿಸಿದರು. ಓದುತ್ತ ಓದುತ್ತ ನನಗೇ ನಗು ತಡೆಯಲಾಗಲಿಲ್ಲ. ಬಾಗಿಲು ಹಾಕಿಕೊಂಡು ಇಷ್ಟು ದಿನ ನನ್ನನ್ನೇ ಬರೆಯುತ್ತಿದ್ದೆಯಾ, ಕಳ್ಳಿ?

ಗಟ್ಟಿಯಾಗಿರು, ಹೊಟ್ಟೆತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು ಎಂದು ಹರಸುವ,

ನಿನ್ನ ಅತ್ತೆ

ತಾ.ಕ.: ವಕೀಲರು ಪತ್ರವನ್ನು ಕೋಟಿನ ಒಳಜೇಬಿಗೆ ಸೇರಿಸಲು ಕೈಚಾಚಿ ನಿಂತಿದ್ದಾರೆ, ಬೇಗ ಹೇಳುತ್ತೇನೆ. ನಿನ್ನೆ ಒಬ್ಬ ಅಧಿಕಾರಿ ಬಂದಿದ್ದ. "ಮಗು ಸೀರಿಯಸ್ಸು ಅಂತ ಎರಡು ಸಾಲು ಬರ್ಕೊಡಿ. ಅದನ್ನ ನೋಡಿದ್ರೆ, ತಾನು ಬರೆದಿದ್ದೆಲ್ಲ ಸುಳ್ಳು ಅಂತ ನಿಮ್ಮ ಸೊಸೆ ಸಹಿ ಹಾಕ್ತಾಳೆ, ಸಂಜೆಗೆ ಮನೇಲಿರ್ತಾಳೆ" ಎಂದ. ಸಂಜೆಗೆ ಮನೇಲಿರ್ತಾಳೆ ಎಂದ ಕೂಡಲೇ ನನ್ನ ಕೈ ಪೆನ್ನಿನ ಕಡೆ ಹೋಯಿತು ಕಣೇ. ನಿನ್ನ ಗಂಡ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ "ನಾನು ಬರೆಯೋದಿಲ್ಲಪ್ಪ" ಎಂದೆ. ಅವರು ಬೇರೆ ಯಾರಿಂದಲೋ ಬರೆಸಿ ತಂದಾರು. ನಂಬಬೇಡ. ಗುಬ್ಬಿ ಗುಂಡುಕಲ್ಲಿನ ಹಾಗಿದ್ದಾಳೆ. ಈಗಲೂ ನನ್ನ ಬೆನ್ನಿಗೆ ಜೋತುಬಿದ್ದಿದ್ದಾಳೆ, ಅದಕ್ಕೇ ಅಕ್ಷರ ಹೀಗೆ ಸೊಟ್ಟ. ಸಹಿ ಹಾಕಬೇಡ, ಮಗಳೇ.